ನೀರಿನ ಸರದಿ ಬರೆಯುವ ಯಶೋಧರಾ

ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿ, ನಾಲೆಯ ಏರಿಯ ಪಕ್ಕದಲ್ಲಿ, ನೀರು ಬಳಕೆದಾರರ ಸಂಘಕ್ಕೆ ಒಂದೇ ಕೋಣೆಯ ಕಚೇರಿ. ಅಲ್ಲಿ ಗದ್ದೆಗಳಿಗೆ ನೀರಿನ ಸರದಿ ಚೀಟಿ ಕೊಡುವವಳು ಯಶೋಧರಾ. ಎಂಸಿಎ ಓದುವಾಗ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಗೆ ಮನಸೋತವಳು. ಅದರಲ್ಲಿ ಒಂದೊಂದು ಫಂಕ್ಷನ್ನೂ ಕೊಟ್ಟದ್ದನ್ನು ತೆಗೆದುಕೊಂಡು ಹೊಸದೊಂದನ್ನು ಕೊಡುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಆ ಶಿಸ್ತು ಅವಳಿಗೆ ಬಲು ಇಷ್ಟ.

ಚೀಟಿಗೂ ಆ ಭಾಷೆಯಲ್ಲೇ ಪ್ರೋಗ್ರಾಂ ಬರೆದಳು. ಕಪ್ಪು ಪರದೆಯ ಮೇಲೆ ಊರು, ಸರ್ವೆ ನಂಬರು, ಗಂಟೆ ಎಂದು ಒಂದು ಸಾಲು ಟೈಪು ಮಾಡಿದರೆ ಸಾಕು. ಸಾಲಿನ ಒಂದೊಂದು ತುಂಡನ್ನೂ ಪರೀಕ್ಷಿಸಲು ರೆಗ್ಯುಲರ್ ಎಕ್ಸ್‌ಪ್ರೆಷನ್ನುಗಳು, ಅಂದರೆ ಅಕ್ಷರಗಳ ಅಚ್ಚುಗಳು, ಇದ್ದವು.

ಚೀಟಿ ಹಂಚಿದ ಮೊದಲ ದಿನವೇ ಸಾಕಮ್ಮ ಏದುಸಿರು ಬಿಡುತ್ತ ಬಂದರು.

"ಅಕ್ಕಪಕ್ಕದೋರ್ಗೆಲ್ಲ ಚೀಟಿ ಬಂತು, ನಂಗ್ಯಾಕವ್ವ ಬರ್ನಿಲ್ಲ? ಬತ್ತದ ಒಟ್ಲು ಪೈರು ಬಾಡ್ತಾ ಅದೆ. ಮದ್ಯಾನಕ್ಕೆ ತೂಬು ಮುಚ್ಬುಟ್ರೆ ಇನ್ನೆಂಟು ದಿನ ನೀರಿಲ್ಲ!"

ಹಿಂದೆಯೇ ಬಂದ, ನಾಲೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ದೊಡ್ಡಮಾದಯ್ಯ ಬಾಗಿಲಿಗೊರಗಿ ನಕ್ಕರು. "ಚೀಟಿ ಇಲ್ದೆ ತೂಬು ತೆಗೀಬ್ಯಾಡ ಅಂತ ಸಂಘ್ದೋರೇ ಅಂದವ್ರೆ ಕಣಕ್ಕ. ಈ ಮಿಸಿನ್ನು ನಿನ್ ಗದ್ದೆಯ ಮರ್ತದೆ. ನಲವತ್ ವರ್ಸದಲ್ಲಿ ನಾನ್ ಒಂದ್ಸಲ ಮರ್ತಿದ್ನಾ?"

ಯಶೋಧರಾಳ ಮುಖ ಕೆಂಪಾಯಿತು. "ನಂಬರು ಹೇಳಿ ಅತ್ತೆ."

"ನೂರ್ ಹದ್ನೆಂಟ್ ಬೈ ಎರಡು. ಬೈ ಒಂದು ನಮ್ಮಕ್ಕ ಮಹದೇವಮ್ಮಂದು."

ಟೈಪು ಮಾಡಿದಳು. "ಈ ಜಮೀನಿಗೆ ಚೀಟಿ ಆಗಿದೆ" ಎಂದಿತು ಪರದೆ. ಬೆಳಗಿನ ಅವಸರದಲ್ಲಿ ಅವಳು ಈ ಸಾಲನ್ನು ಗಮನಿಸಿರಲಿಲ್ಲ. ತಪ್ಪು ಆಗಲೇ ಹೊಳೆಯಿತು. ಅವಳ ಅಚ್ಚು ಅಂಕಿ ಇದೆಯೇ ಎಂದಷ್ಟೇ ನೋಡುತ್ತಿತ್ತು; ತುಂಡು ಅಲ್ಲಿಗೇ ಮುಗಿಯಿತೇ ಎಂದು ನೋಡುತ್ತಿರಲಿಲ್ಲ. ನೂರ ಹದಿನೆಂಟನ್ನು ಹಿಡಿದು, ಮಿಕ್ಕ 'ಬೈ ಎರಡು' ಎಂಬುದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಅಪ್ಪ ಪಾಲು ಮಾಡಿಕೊಟ್ಟ ಅಕ್ಕತಂಗಿಯರ ಗದ್ದೆ ಯಂತ್ರದ ಕಣ್ಣಿಗೆ ಮತ್ತೆ ಒಂದಾಗಿತ್ತು. ಈ ಸೀಮೆಯಲ್ಲಿ ಪಾಲಾಗದ ಗದ್ದೆಯಾದರೂ ಎಲ್ಲಿದೆ!

ಪಾಲಿನ ಗುರುತೂ ಸೇರಿ ಮೊದಲಿಂದ ಕೊನೆಯವರೆಗೆ ಇಡೀ ತುಂಡು ಹೊಂದಲೇಬೇಕು, ಹೊಂದದಿದ್ದರೆ ಬಾಯಿಬಿಟ್ಟು ಹೇಳಬೇಕು ಎಂದು ಅಚ್ಚನ್ನು ತಿದ್ದಿದಳು. "ಮಾವ, ನಿಮಗೆ ಗೊತ್ತಿರೋ ಪಾಲಿನ ನಂಬರು ಹೇಳ್ತಾ ಹೋಗಿ."

ದೊಡ್ಡಮಾದಯ್ಯ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. "ತೊಂಬತ್ನಾಕ್ ಬೈ ಮೂರು ಎ. ಅರವತ್ ಬೈ ಒಂದು ಬಿ." ಎಲ್ಲವೂ ಸರಿಬಂದವು. ಅವರು ಒಂದು ಕಣ್ಣು ತೆರೆದರು. "ಏಳು ಬೈ ಬೈ ಎರಡು."

ಪರದೆ "ಸರ್ವೆ ನಂಬರು ಸರಿಯಿಲ್ಲ" ಎಂದಿತು.

"ಅಲೆಲೇ! ಸುಳ್ಳ ಒಪ್ಪಾಕಿಲ್ಲ ಕಣವ್ವ ಇದು!"

"ನಿಮ್ ಪರೀಕ್ಸೆ ಆಮ್ಯಾಕ್ ಮಾಡ್ಕಳಿ, ನನ್ ಚೀಟಿ ಕೊಡ್ರಪ್ಪಾ!" ಎಂದು ಸಾಕಮ್ಮ ರೇಗಿದರು. ಮೂವರೂ ನಕ್ಕರು. ಅವರ ಚೀಟಿ ಬಂತು; ಹಾಗೇ ತಪ್ಪಿಹೋಗಿದ್ದ ಬೇರೆ ಪಾಲುಗಳ ಚೀಟಿಗಳೂ ಬಂದವು.

ಹನ್ನೊಂದಕ್ಕೆ ತೂಬು ತೆರೆಯಿತು. ಯಶೋಧರಾ ಬದುವಿನ ಮೇಲೆ ನಿಂತು ನೋಡಿದಳು. ಕೆಂಪು ನೀರು ಪೈರಿನ ಬುಡಕ್ಕೆ ಹರಿದು, ಒಣಗಿದ ಬಿರುಕುಗಳನ್ನು ಒಂದೊಂದಾಗಿ ತುಂಬುತ್ತಿತ್ತು. ದೊಡ್ಡಮಾದಯ್ಯ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮುಂದಿನ್ ಸಲ ಚೀಟಿ ಬರೆಯೋವಾಗ ನಾನೂ ಪಕ್ಕದಾಗೆ ಕುಂತ್ಕತೀನಿ" ಎಂದರು.