ಆಫ್ ಮಾಡುವ ಮೊದಲು ಒಂದು ಸಲ

ಬೈಕು ಆಫ್ ಮಾಡುವ ಮೊದಲು ಎಕ್ಸಲೇಟರನ್ನು ಒಮ್ಮೆ ತಿರುಗಿಸಿ ಗುರ್ ಎನ್ನಿಸಬೇಕೋ ಬೇಡವೋ ಎಂಬ ವಿಷಯದಲ್ಲಿ ಎಂಬತ್ತರ ದಶಕದ ಪರ್ಕಳದಲ್ಲಿ ಎರಡು ಪಕ್ಷಗಳಿದ್ದವು. ಹಾಗೆ ಮಾಡಿದರೆ ಆಯಿಲು ಎಂಜಿನ್ನಿನ ಮೇಲಿನವರೆಗೆ ಏರಿ ನಿಲ್ಲುತ್ತದೆ, ಮರುದಿನ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ ಎಂದು ಒಂದು ಪಕ್ಷ. ಅದೆಲ್ಲ ಬೊಗಳೆ, ಸುಡದೆ ಉಳಿದ ಪೆಟ್ರೋಲು ಇದ್ದ ಆಯಿಲನ್ನೂ ತೊಳೆದು ಹಾಕುತ್ತದೆ ಎಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತಪ್ಪು ವಿಜ್ಞಾನ ಕಿವಿಗೆ ಬಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಈ ವಾದ ನಡೆಯುತ್ತಿದ್ದದ್ದು ಪರ್ಕಳದ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ. ಅಲ್ಲಿಯ ಮೆಕ್ಯಾನಿಕ್ ಮೊದಲನೆಯ ಪಕ್ಷದ ನಾಯಕ. ಕೈಗಿಂತ ಬಾಯಿ ಜೋರು. ಮಣಿಪಾಲದ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಉಡುಪಿಯ ಕಡೆಗೆ ಸುಮ್ಮನೆ ಜಾರಿಕೊಂಡು ಹೋಗುವುದು ಜಾಣತನವೋ ಮಂಗಾಟವೋ, ಕಡಲ ಗಾಳಿಗೆ ತುಕ್ಕು ಹಿಡಿಯದ ಹಾಗೆ ಚಕ್ರದ ಕಡ್ಡಿಗಳಿಗೆ ಗ್ರೀಸು ಬಳಿಯಬೇಕೋ ಹಳೆ ಆಯಿಲೋ, ಎಲ್ಲದಕ್ಕೂ ಅವನಲ್ಲಿ ತೀರ್ಪು ಉಂಟು. ಅರ್ಧ ತೀರ್ಪುಗಳು ತಪ್ಪು. ಆದರೂ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗದೆ ಮನೆಗೆ ಹೋದದ್ದಿಲ್ಲ.

ಕಾಪುವಿನಲ್ಲಿ ಒಂದು ಬುಲೆಟ್ ಮಾರಾಟಕ್ಕಿದೆ ಎಂದು ಹೇಳಿದವನೂ ಅವನೇ. ಅಲ್ಲಿಯವರೆಗೆ ನಾನು ಬಸ್ಸಿನಲ್ಲಿ ನೇತಾಡಿಕೊಂಡು ಉಡುಪಿಯಿಂದ ಕಾರ್ಕಳಕ್ಕೆ ಹೋಗಿಬರುತ್ತಿದ್ದೆ. ಇಬ್ಬರೂ ಕಾಪುವಿಗೆ ಹೋದೆವು. ಕಡಲಿಗೆ ಬೆನ್ನು ಹಾಕಿದ ಹಂಚಿನ ಮನೆ. ವ್ಯವಹಾರ ಮಾತಾಡಿದ್ದು ಮನೆಯ ಸೋದರಮಾವ, ಕಿವಿಯಲ್ಲಿ ಒಂಟಿ ಹಾಕಿದ್ದ ವಯಸ್ಸಾದ ಮನುಷ್ಯ. ಅಕ್ಕನ ಮಗನ ಗಾಡಿ, ಅವನು ಈಗ ಇಲ್ಲ ಎಂದಷ್ಟೇ ಹೇಳಿದರು. ಹೊರಡುವಾಗ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕೈ ಕಾಣಿಸಿತು. ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕೈ. ಮುಖ ಕಾಣಿಸಲಿಲ್ಲ.

ವಾಪಸು ಬರುವಾಗ ಮೆಕ್ಯಾನಿಕ್ ಉಳಿದದ್ದನ್ನು ಹೇಳಿದ. ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಿಯಲ್ಲಿ ಅವನಿದ್ದ ದೋಣಿ ಮಗುಚಿತ್ತು. ಉಳಿದವರು ಈಜಿ ದಡ ಸೇರಿದರು. ಇವನು ಸೇರಲಿಲ್ಲ. ಹೆಣವೂ ಸಿಗಲಿಲ್ಲ.

ಗಾಡಿ ಉಡುಪಿಯ ನಮ್ಮ ಓಣಿಗೆ ಬಂದ ದಿನವೇ ಮನೆಯಲ್ಲಿ ಗಲಾಟೆ. ನಮ್ಮದು ದೇವಸ್ಥಾನದ ಹಿಂದಿನ ಓಣಿ, ಈರುಳ್ಳಿ ಹೆಚ್ಚಿದರೂ ಪಕ್ಕದ ಮನೆಗೆ ಗೊತ್ತಾಗುವಂಥದ್ದು. ಎಂಜಿನ್ ಬಿಸಿಯಾದ ಕೂಡಲೇ ಬೈಕಿನಿಂದ ಮೀನಿನ ವಾಸನೆ ಏಳುತ್ತಿತ್ತು. ದೋಣಿಯ ಹಲಗೆಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಆ ಪುಣ್ಯಾತ್ಮ ಮಡ್‌ಗಾರ್ಡಿನ ಒಳಮೈಗೂ ಚಕ್ರದ ಕಡ್ಡಿಗಳಿಗೂ ಬಳಿದಿಟ್ಟಿದ್ದ. ದೋಣಿಯನ್ನು ನೋಡಿಕೊಂಡ ಹಾಗೆಯೇ ಗಾಡಿಯನ್ನೂ ನೋಡಿಕೊಂಡವನು. ಅಮ್ಮ ಮೂಗಿಗೆ ಸೆರಗು ಹಿಡಿದು, “ಇದು ಎಂತ ಮಾರಾಯ, ಬೈಕು ತಂದದ್ದಾ, ಬಂಗುಡೆ ತಂದದ್ದಾ?” ಎಂದರು. ಓಣಿಯ ಬೆಕ್ಕುಗಳು ಮಾತ್ರ ನನ್ನ ಪಕ್ಷ ವಹಿಸಿದವು.

ನಾನು ಸೀಮೆಎಣ್ಣೆ, ಚಿಂದಿಬಟ್ಟೆ ಹಿಡಿದು ಕುಳಿತೆ. ಭಾನುವಾರ ಪೂರ್ತಿ ಒರೆಸಿದೆ. ಎಣ್ಣೆಯ ಕೆಳಗೆ ಒಂದು ಚುಕ್ಕೆ ತುಕ್ಕೂ ಇರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಕ್ಲಚ್ಚಿನ ಕೇಬಲನ್ನು ಹ್ಯಾಂಡಲಿಗೆ ಬಲೆಯ ನೂಲಿನಿಂದ ಕಟ್ಟಿದ್ದ. ಗಂಟು ಬಿಚ್ಚಲು ನೋಡಿದೆ, ಬರಲಿಲ್ಲ. ಎಳೆದಷ್ಟೂ ಬಿಗಿಯಾಗುತ್ತಿತ್ತು. ಬ್ಲೇಡು ತಂದವನು ಯಾಕೋ ಕತ್ತರಿಸದೆ ಒಳಗೆ ಹೋದೆ.

ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಇನ್ನೊಂದು ಕಿರಿಕಿರಿ ಟ್ಯಾಪೆಟ್ಟಿನದು. ಎಂಜಿನ್ನಿನ ಒಳಗೆ ವಾಲ್ವನ್ನು ಎತ್ತುವ ಆ ಕಡ್ಡಿ ಎರಡು ಬೆರಳಿನಲ್ಲಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಈ ಗಾಡಿಯದು ಸಡಿಲ. ಬುಲೆಟ್ಟಿನ ದಪ್ಪ ಸದ್ದಿನ ನಡುವೆ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಸೇರಿಕೊಳ್ಳುತ್ತಿತ್ತು. ನಾನು ಮುಚ್ಚಳ ತೆಗೆದು ಸರಿಯಾಗಿ ಹೊಂದಿಸಿದೆ, ನಟ್ಟು ಬಿಗಿದೆ. ಸ್ವಲ್ಪ ದಿನ ಸದ್ದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಣಿಪಾಲದ ಏರು ಹತ್ತುವಾಗ ಮತ್ತೆ ಟಿಕ್ ಟಿಕ್. ಬಿಚ್ಚಿ ನೋಡಿದರೆ ಮೊದಲಿದ್ದಷ್ಟೇ ಸಡಿಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬಹುಕಾಲ ಒಂದೇ ಜಾಗದಲ್ಲಿ ಕುಳಿತು ನಟ್ಟಿನ ಒಳಗಿನ ಸುತ್ತುಗೆರೆ ಸವೆದಿದೆ, ನಟ್ಟು ಅಲ್ಲಿಗೇ ಮರಳುತ್ತದೆ, ಅಷ್ಟೆ. ನನಗೆ ಕಾರಣ ಗೊತ್ತಿತ್ತು. ಆದರೂ ಮತ್ತೆ ಹೊಂದಿಸದೆ ಹಾಗೆಯೇ ಮುಚ್ಚಳ ಹಾಕಿದೆ.

ಆ ಟಿಕ್ ಟಿಕ್‌ಗೆ ಕಾದು ಕುಳಿತವರು ಇದ್ದಾರೆ ಎಂದು ತಿಳಿದದ್ದು ಪರ್ಕಳ ದಾಟಿ ಕಾರ್ಕಳದ ದಾರಿಯಲ್ಲಿ. ನಾನು ಬರುತ್ತಿದ್ದ ಹಾಗೆ ಒಂದು ಮನೆಯ ಗೇಟಿಗೆ ಹೆಂಗಸೊಬ್ಬರು ಬಟ್ಟಲು ಹಿಡಿದುಕೊಂಡು ಓಡಿ ಬಂದರು. ಕಾಲಡಿಯಲ್ಲಿ ಬೆಕ್ಕು. ನನ್ನ ಮುಖ ನೋಡಿ ಅಲ್ಲೇ ನಿಂತರು. ಮತ್ತೊಂದು ದಿನ ಇನ್ನೊಂದು ಗೇಟು, ಇನ್ನೊಂದು ಬಟ್ಟಲು. ಕೊನೆಗೆ ನಾನೇ ಗಾಡಿ ನಿಲ್ಲಿಸಿ ಏನು ವಿಷಯ ಎಂದು ಕೇಳಿದೆ.

“ಇದು ಅವನ ಗಾಡಿ ಅಲ್ವಾ? ಕಾಪುವಿನಿಂದ ಬುಟ್ಟಿ ಕಟ್ಟಿಕೊಂಡು ಮೀನು ತರುತ್ತಿದ್ದ. ಈಗ ಅವನೆಲ್ಲಿ?” ಎಂದು ಆ ಹೆಂಗಸು ಕೇಳಿದರು.

ಕಡಲಿಗೆ ಹೋದವನು ಬರಲಿಲ್ಲ ಎಂದೆ. ಆಕೆ ಖಾಲಿ ಬಟ್ಟಲನ್ನು ಸೆರಗಿನಿಂದ ಮುಚ್ಚಿದರು. ಎಂಜಿನ್ನನ್ನೇ ನೋಡುತ್ತಾ, “ಹಾಗಾದರೆ ನೀವು ಯಾಕೆ ಬರುವುದು?” ಎಂದರು.

ನಾನು ಪಾಠ ಮಾಡಲು ಹೋಗುತ್ತಿದ್ದೆ, ಅಷ್ಟೇ. ಆದರೆ ಆ ದಿನದಿಂದ ಆ ದಾರಿಯಲ್ಲಿ ಹೋಗುವಾಗ ನಾನೊಬ್ಬನೇ ಹೋಗುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕುಳಿತಿದ್ದಾರೆ ಎಂದಲ್ಲ. ಮುಂದಿನ ಸೀಟಿನಲ್ಲಿ ಕುಳಿತವನು ನಾನಲ್ಲ ಎಂದು. ಹೆದರಿಕೆಯಾಗುತ್ತಿತ್ತು. ವಿಜ್ಞಾನ ಮಾಷ್ಟ್ರಿಗೆ ಹೆದರಿಕೆಯಾಗಬಾರದು ಎಂದು ಕಾನೂನೇನೂ ಇಲ್ಲವಲ್ಲ.

ಮಳೆ ಮುಗಿದ ಮೇಲೆ ಸೋದರಮಾವ ಗ್ಯಾರೇಜಿಗೆ ಹೇಳಿ ಕಳಿಸಿದರು. ಗಾಡಿಯ ಸ್ಪ್ಯಾನರುಗಳು ಮನೆಯಲ್ಲೇ ಉಳಿದಿವೆ, ಬಂದು ತೆಗೆದುಕೊಂಡು ಹೋಗಬೇಕಂತೆ. ಭಾನುವಾರ ನಾನು ಬೈಕಿನಲ್ಲೇ ಹೋದೆ. ಬಸ್ಸಿನಲ್ಲಿ ಹೋಗಬೇಕೆಂದು ಹೊಳೆಯಲೇ ಇಲ್ಲ. ಚಕ್ರ ಹೂಳುವ ಮರಳಿನ, ಹೊಯಿಗೆಯ ದಾರಿಯಲ್ಲಿ ಇಳಿದು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿದೆ. ತಲೆ ಎತ್ತಿದರೆ, ತೆಂಗಿನ ಮರದ ಬುಡದ ಕಲ್ಲಿನ ಮೇಲೆ ಬಿಸಿನೀರಿನ ಚೆಂಬು, ಮೈ ಒರೆಸಲು ಮಡಚಿದ ಬೈರಾಸು, ಒಂದು ತುಂಡು ಸಾಬೂನು. ಮೈಗೆ ಅಂಟಿದ ಮೀನಿನ ಹುರುಪೆ ತೊಳೆಯಲು. ಸದ್ದು ಕೇಳಿದ್ದೇ ಅವನ ತಾಯಿ ತಂದಿಟ್ಟಿದ್ದರು. ನೀರಿನಿಂದ ಇನ್ನೂ ಹಬೆ ಏಳುತ್ತಿತ್ತು.

ಅವರು ಜಗಲಿಯ ಕಂಬ ಹಿಡಿದು ನಿಂತಿದ್ದರು. ಅಂದು ಕಿಟಕಿಯಲ್ಲಿ ಕಂಡದ್ದು ಇದೇ ಕೈ. ನನ್ನದೂ ಅವರದೂ ತುಳುವೇ, ಆದರೆ ಬೇರೆ ಬೇರೆ ಕೇರಿಯ ತುಳು. ಆದರೂ ಅವರ ಒಂದು ಮಾತೂ ನನಗೆ ತಪ್ಪಲಿಲ್ಲ.

“ಅವನು ಆಫ್ ಮಾಡುವ ಮೊದಲು ಒಂದು ಸಲ ಗುರ್ ಮಾಡುತ್ತಿದ್ದ. ನೀವು ಮಾಡಲಿಲ್ಲ” ಎಂದರು.

ನನ್ನ ಪಕ್ಷ ಬೇರೆ ಎಂದು ಆ ತಾಯಿಗೆ ಹೇಗೆ ಹೇಳುವುದು?

“ಗಾಡಿ ಬರುವ ಸದ್ದು ದೂರದಿಂದ ಕೇಳಿದೆ. ಅವನೇ ಎಂದು ನೀರು ಇಟ್ಟೆ. ಆ ಗುರ್ ಕೇಳಿದರೆ ನನಗೆ ನೆಮ್ಮದಿ. ಬಂದ, ಇವತ್ತಿಗೆ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು” ಎಂದು ಹೇಳಿ, ಚೆಂಬಿನ ನೀರನ್ನು ಮರದ ಬುಡಕ್ಕೆ ಚೆಲ್ಲಿ ಒಳಗೆ ಹೋದರು.

ಮಾವ ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದರು. ಸತ್ತವರನ್ನು ಕಾರ್ಯ ಮಾಡಿ, ಹೊಸ್ತಿಲಲ್ಲಿ ನಿಂತು ಮನೆಯೊಳಗೆ ಕರೆದು, ಹಿರಿಯರ ಜೊತೆ ಸೇರಿಸಿ ಎಲೆ ಬಡಿಸುವುದು ನಮ್ಮ ಕಡೆಯ ಕ್ರಮ. ಅಲ್ಲಿಯವರೆಗೆ ಸತ್ತವರು ಕುಲೆಯಾಗಿ, ಹಸಿದುಕೊಂಡು, ಹೊರಗೇ ನಿಂತಿರುತ್ತಾರೆ ಎಂದು ನಂಬಿಕೆ. ಈ ತಾಯಿ ಅದಕ್ಕೆ ಒಪ್ಪುತ್ತಿರಲಿಲ್ಲ. ಹೆಣ ನೋಡದೆ ಹೇಗೆ ಕರೆಯುವುದು ಎಂದು ಹಟ.

“ಮಳೆ ಇಡೀ ಅವನು ಹೊರಗೆ ನಿಂತಿದ್ದಾನೆ ಮಾಷ್ಟ್ರೇ. ಅಕ್ಕ ಬಾಗಿಲು ತೆಗೆಯುವುದಿಲ್ಲ” ಎಂದು ಹೇಳಿ ಆ ಮುದುಕರು ಸ್ಪ್ಯಾನರುಗಳ ಚೀಲವನ್ನು ನನ್ನ ಕೈಗಿಟ್ಟರು.

ಕೆಲವು ದಿನ ಕಳೆದು ಮತ್ತೆ ಹೇಳಿಕೆ ಬಂತು. ತಾಯಿ ಒಪ್ಪಿದ್ದಾರೆ. ಆದರೆ ಒಂದು ಷರತ್ತು. ಮಗ ಆ ಮನೆಗೆ ಎಂದೂ ನಡೆದು ಬಂದವನಲ್ಲ, ಕರೆಯುವುದಾದರೆ ಗಾಡಿಯಲ್ಲೇ ಬರಬೇಕು. ಮಾಷ್ಟ್ರು ಗಾಡಿ ತಂದು ಅಂಗಳದಲ್ಲಿ ಆಫ್ ಮಾಡಬೇಕು. ಆಫ್ ಮಾಡುವ ಮೊದಲು ಒಂದು ಸಲ ಗುರ್ ಎನ್ನಿಸಬೇಕು. ಇಲ್ಲವಾದರೆ ಕಾರ್ಯವೂ ಬೇಡ, ಎಲೆಯೂ ಬೇಡ.

ಮೆಕ್ಯಾನಿಕ್ ಮೊದಲ ಬಾರಿಗೆ ತೀರ್ಪು ಕೊಡದೆ ಗಾಡಿಯ ಆಯಿಲು ನೋಡಿ ಕೊಟ್ಟ. ಅಮ್ಮನಿಗೆ ಹೇಳಿದೆ. ಬೈಯುತ್ತಾರೆ, ಮಡಿ ಮೈಲಿಗೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, “ಹತ್ತಿ ಹೋಗುವವನು ನೀನು, ಸರಿ. ಇಳಿದು ಬರುವವನು ಯಾರು?” ಎಂದರು. ಆಮೇಲೆ, “ಹೋಗಿ ಬಾ. ಅದೂ ಒಂದು ತಾಯಿಯೇ ಅಲ್ವಾ” ಎಂದರು.

ಹೋದೆ. ಮುಸ್ಸಂಜೆಯ ಹೊತ್ತು. ಅಂಗಳ ತುಂಬ ಜನ. ಒಳಗೆ ಎಲೆ ಬಡಿಸಿದ್ದರು, ದೀಪ ಇಟ್ಟಿದ್ದರು. ಮರದ ಬುಡದಲ್ಲಿ ಚೆಂಬು, ಬೈರಾಸು. ನಾನು ಮನೆಗೆ ಮುಖ ಮಾಡಿ ಗಾಡಿ ನಿಲ್ಲಿಸಿದೆ. ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು. ಬಿಸಿ ಎಂಜಿನ್ನಿನಿಂದ ಆ ಎಣ್ಣೆಯ ವಾಸನೆ ಎದ್ದಿತು. ಎಕ್ಸಲೇಟರ್ ತಿರುಗಿಸಿದೆ. ಗುರ್ ಎಂದಿತು. ಆಫ್ ಮಾಡಿದೆ.

ತಾಯಿ ಹೊಸ್ತಿಲಿಗೆ ಬಂದರು. ಬಾಗಿಲಲ್ಲಿ ನಿಂತಿದ್ದವರೆಲ್ಲ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. “ಬಂದೆಯಾ ಮಗ? ಒಳಗೆ ಬಾ. ಊಟ ತಣ್ಣಗಾಗುತ್ತದೆ” ಎಂದರು. ಅಳಲಿಲ್ಲ. ಪ್ರತಿದಿನ ಕರೆಯುವ ಹಾಗೆಯೇ, ತಡವಾಗಿ ಬಂದವನ ಮೇಲೆ ಸ್ವಲ್ಪ ಸಿಟ್ಟಿನಲ್ಲೇ ಕರೆದರು. ನಾನು ಸೀಟಿನ ಮೇಲೆ ಮರಗಟ್ಟಿ ಕುಳಿತಿದ್ದೆ. ಇಳಿಯಬೇಕೋ ಬೇಡವೋ ಎಂದು ಯಾರೂ ಹೇಳಿರಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ. ಒಳಗೆ ಹೋದರು, ಬಾಗಿಲು ಹಾಕಿಕೊಂಡಿತು. ಆಮೇಲೆ ಒಳಗಿನಿಂದ ಅಳು ಕೇಳಿಸಿತು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇಕೆ.

ಮಾವ ಹತ್ತಿರ ಬಂದು ಕೈ ಮುಗಿದರು. “ಇಲ್ಲಿ ಸ್ಟಾರ್ಟ್ ಮಾಡಬೇಡಿ ಮಾಷ್ಟ್ರೇ. ಈಗಷ್ಟೇ ಒಳಗೆ ಬಂದವನು, ಸದ್ದು ಕೇಳಿದರೆ ಮತ್ತೆ ಹೊರಡುತ್ತಾನೆ. ದೊಡ್ಡ ರಸ್ತೆಯವರೆಗೆ ದೂಡಿಕೊಂಡು ಹೋಗಿ.”

ಹೊಯಿಗೆಯಲ್ಲಿ ಬುಲೆಟ್ ದೂಡುವುದು ಎಂದರೆ ಆನೆಯನ್ನು ಎಳೆದ ಹಾಗೆ. ಅಂಗಿ ಬೆವರಿನಲ್ಲಿ ಒದ್ದೆಯಾಯಿತು. ರಸ್ತೆ ಮುಟ್ಟುವ ಮೊದಲೇ ಎದೆ ಹಾರುತ್ತಿತ್ತು, ಇಷ್ಟು ದೂರ ಸಾಕು ಎನ್ನಿಸಿತು. ಮನೆ ಕಾಣುತ್ತಿರಲಿಲ್ಲ, ತೆಂಗಿನ ತಲೆಗಳು ಮಾತ್ರ ಕಾಣುತ್ತಿದ್ದವು. ನಾನು ಮೊದಲ ಕಿಕ್ಕಿಗೆ ಸ್ಟಾರ್ಟ್ ಮಾಡಿದ ದಾಖಲೆಯೇ ಇಲ್ಲದ ಗಾಡಿ ಅದು. ಅಂದು ಕಾಲಿಟ್ಟದ್ದೇ ಎದ್ದಿತು.

ಉಡುಪಿ ತಲುಪುವಾಗ ಓಣಿಯಲ್ಲಿ ದೀಪ ಹಚ್ಚಿದ್ದರು. ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸಿದೆ. ನನಗೆ ಗೊತ್ತಾಗುವ ಮೊದಲೇ ಕೈ ಎಕ್ಸಲೇಟರನ್ನು ತಿರುಗಿಸಿಬಿಟ್ಟಿತ್ತು. ಗುರ್ ಎಂದು ಓಣಿ ಇಡೀ ಕೇಳಿಸಿತು. ಆಮೇಲೆ ಆಫ್ ಮಾಡಿದೆ.

ಅಮ್ಮ ಹೊಸ್ತಿಲಿಗೆ ಬಂದರು. ಎಂದೂ ಹಾಗೆ ಕೇಳದವರು, “ಯಾರು?” ಎಂದು ಕೇಳಿದರು.

“ನಾನೇ ಅಮ್ಮ.”

ಅಮ್ಮ ನನ್ನನ್ನೇ ದಿಟ್ಟಿಸಿ ನೋಡಿದರು. “ಹಾಗಾದರೆ ಒಳಗೆ ಬಾ” ಎಂದರು.

ಮೆಟ್ಟಿಲು ಹತ್ತಿದೆ. ಹೊಸ್ತಿಲಿನ ಹತ್ತಿರ, ಹಿಂದಿನಿಂದ ಬರುವವರಿಗೆ ಜಾಗ ಕೊಡುವ ಹಾಗೆ, ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ. ಅಮ್ಮ ಅದನ್ನು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಒಳಗೆ ಹೋದೆ.