ಹೊರಗಂಟು ಕೆಳಗೆ, ಒಳಗಂಟು ಮೇಲೆ

ಮನುಷ್ಯದೇಹವನ್ನು ಬರೆಯಲು ಕಲಿಸುವವರು ಹಲವರಿದ್ದಾರೆ; ಬರೆಯುವ ಮೊದಲು ಅದನ್ನು ಮುಟ್ಟಿ ನೋಡಲು ಕಲಿಸಿದವರು ನಮ್ಮ ಚಿತ್ರಕಲಾ ಶಾಲೆಯಲ್ಲಿ ಒಬ್ಬರೇ. ಮೂವತ್ತನಾಲ್ಕು ವರ್ಷ ಅಂಗರಚನೆಯ ಪಾಠ ಹೇಳಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಮೂಳೆ ಮೇಷ್ಟ್ರು ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ, ಅವರಿಗದು ಇಷ್ಟವೂ ಆಗಿದೆ. ಪುಸ್ತಕದ ಮುಖಪುಟದಲ್ಲೋ ನಾಟಕದ ಪರದೆಯಲ್ಲೋ ಉದ್ಯಾನದ ಶಿಲ್ಪದಲ್ಲೋ ನೆಲಕ್ಕೆ ಭದ್ರವಾಗಿ ಊರಿದ ಪಾದವೊಂದನ್ನು ಕಂಡಾಗ, ಅದರ ಹಿಂದೆ ಇವರ ಪಾಠವಿರಬಹುದೆಂದು ಸಹೋದ್ಯೋಗಿಗಳಾದ ನಾವು ಹೆಮ್ಮೆಯಿಂದ ಊಹಿಸುತ್ತೇವೆ. ಆದರೆ ಆ ಪಾದ ಸರಿಹೋದ ಕಥೆಯನ್ನು ಮುಚ್ಚಿಡದೆ ಬರೆಯಬೇಕು, ಇಲ್ಲವಾದರೆ ಈ ಅಭಿನಂದನ ಗ್ರಂಥವೇ ಬೇಡ ಎಂದು ಅವರು ಹಟ ಹಿಡಿದಿದ್ದಾರೆ.

ಅಂಗರಚನೆ ಅವರು ಬಯಸಿ ಪಡೆದ ವಿಷಯವಲ್ಲ. ಮರ, ಬೆಟ್ಟ, ಮೋಡ ಬರೆಯುತ್ತಿದ್ದ ಯುವಕ ಕೆಲಸಕ್ಕೆ ಸೇರಿದಾಗ ಖಾಲಿಯಿದ್ದದ್ದು ಅದೊಂದೇ ಹುದ್ದೆ. ಮೊದಲ ವಾರವೇ ಗೋಡೆಗೆ ಬಣ್ಣ ಹೊಡೆಯುವವರ ಏಣಿ ತಾಗಿ, ಮೂಲೆಯಲ್ಲಿ ಕೊಕ್ಕೆಗೆ ನೇತಾಡುತ್ತಿದ್ದ ಅಸ್ಥಿಪಂಜರ ಬಿದ್ದು, ಮೊಣಕಾಲಿನ ಕೆಳಗೆಲ್ಲ ಕಳಚಿಕೊಂಡಿತು. ಹೊಸ ಮೇಷ್ಟ್ರು ಮೊದಲು ಬಾಗಿಲು ಮುಚ್ಚಿದರು. ಪ್ರಾಂಶುಪಾಲರ ಕಣ್ಣಿಗೆ ಬೀಳುವ ಮೊದಲೇ ಅಟೆಂಡರನ್ನು ಕರೆದು, ತಂತಿ ಬಿಗಿದು, ಮಧ್ಯಾಹ್ನದೊಳಗೆ ಜೋಡಿಸಿ ನಿಲ್ಲಿಸಿದರು. ಪಾದಗಳು ಸರಿಯಾಗಿಯೇ ಕೂತವು. ಅವುಗಳ ಮೇಲೆ ಬರಬೇಕಾದ ಎಡಗಾಲಿನ ಮೂಳೆಗಳು ಬಲಕ್ಕೂ ಬಲಗಾಲಿನವು ಎಡಕ್ಕೂ ಹೋದದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹೀಗಾಗಿ ಪಾದದ ಇಕ್ಕೆಲದ ಗಂಟುಗಳಲ್ಲಿ ಮೇಲಿರಬೇಕಾದ ಒಳಗಂಟು ಕೆಳಗಾಯಿತು, ಕೆಳಗಿರಬೇಕಾದ ಹೊರಗಂಟು ಮೇಲಾಯಿತು. ಅದನ್ನೇ ನೋಡಿ ಮೇಷ್ಟ್ರು ಆಳೆತ್ತರದ ನಕ್ಷೆ ಬರೆದು ಗೋಡೆಗೆ ತೂಗುಹಾಕಿದರು. ಎರಡು ತಂಡಗಳ ನಲವತ್ತೊಂದು ಜನ ಆ ನಕ್ಷೆ ನೋಡಿ ಕಲಿತರು, ಅಂಕ ಪಡೆದರು, ಹೊರಟುಹೋದರು.

ಮೂರನೆಯ ವರ್ಷ ತರಗತಿಗೆ ಬಂದವರಲ್ಲಿ ಉಳಿದವರಿಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಹೆಂಗಸಿದ್ದರು. ಬೆಳಗಿನ ಹೊತ್ತು ಬಟ್ಟೆ ಹೊಲಿಯುತ್ತಿದ್ದ ಅವರನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಅವರು ಬರೆದ ಕಾಲಿನ ಚಿತ್ರವನ್ನು ಮೇಷ್ಟ್ರು ಮೂರು ಸಲ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು. ಆ ಕಾಲದಲ್ಲಿ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂರನೆಯ ಸಲ ಹೊಲಿಗೆಯಕ್ಕ ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಪಾದ ಇಟ್ಟರು.

“ಸಾರ್, ದಿನಾ ಪ್ಯಾಂಟಿನ ಅಳತೆ ತಗೊಳ್ಳೋಳು ನಾನು. ಟೇಪು ಹೊರಗಡೆ ಗಂಟಿಗೇ ಬರೋದು, ಅದೇ ಕೆಳಗಿರೋದು. ನಕ್ಷೆ ಸರಿ ಅಂದ್ರೆ ನನ್ನ ಕಾಲೇ ತಪ್ಪಿರಬೇಕು.”

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು, ಕಾಲುಚೀಲ ಎಳೆದರು, ಬೆರಳಿನಿಂದ ಒಳಗಂಟು ಮುಟ್ಟಿದರು, ಹೊರಗಂಟು ಮುಟ್ಟಿದರು, ಇನ್ನೊಂದು ಕಾಲನ್ನೂ ನೋಡಿದರು. ಮುಖ ಬಿಳಿಚಿತು. ಆಮೇಲೆ, ಅಲ್ಲಿದ್ದವರು ಈಗಲೂ ಹೇಳುವಂತೆ, ಆ ಮುಖದಲ್ಲಿ ಹಬ್ಬಿದ್ದು ನಾಚಿಕೆಯಲ್ಲ, ಹುಮ್ಮಸ್ಸು. “ಎಲ್ಲರೂ ಬಿಚ್ಚಿ, ಎಲ್ಲರೂ ನೋಡ್ಕೊಳ್ಳಿ” ಎನ್ನುತ್ತ ಬರಿಗಾಲಿನಲ್ಲೇ ಕೋಣೆಯೆಲ್ಲ ಓಡಾಡಿದರು. ಕಾಗದ ಕೊಡಲು ಬಂದ ಅಟೆಂಡರನ್ನೂ ಬಿಡಲಿಲ್ಲ, ವಿಚಾರಿಸಲು ಬಂದ ಪ್ರಾಂಶುಪಾಲರನ್ನೂ ಬಿಡಲಿಲ್ಲ. ಹೊಲಿಗೆಯಕ್ಕನ ಹಾಳೆಗಳ ಮೇಲೆ ತಾವೇ ಹೊಡೆದ ಕೆಂಪು ಗೀಟಿನ ಕೆಳಗೆ “ತಪ್ಪು ನನ್ನದು” ಎಂದು ಬರೆದು ಸಹಿ ಹಾಕಿದರು. ಹೊಲಿಗೆಯಕ್ಕ ಇಂದು ಇದೇ ಶಾಲೆಯಲ್ಲಿ ಮೇಷ್ಟ್ರ ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಾರೆ. ಆ ಹಾಳೆಗಳನ್ನು ಇನ್ನೂ ಇಟ್ಟುಕೊಂಡಿದ್ದಾರೆ.

ಅಂದಿನಿಂದ ಮೇಷ್ಟ್ರ ಪಾಠದ ರೀತಿಯೇ ಬದಲಾಯಿತು. ಮೊದಲ ದಿನ ಪೆನ್ಸಿಲ್ ಮುಟ್ಟುವಂತಿಲ್ಲ. ತನ್ನ ಮೈಯನ್ನು ತಾನೇ ತಡವಿ ನೋಡಬೇಕು. ತೋಳೆತ್ತಿದರೆ ಹೆಗಲ ಹಿಂದಿನ ಮೂಳೆ ಎತ್ತ ಸರಿಯುತ್ತದೆ, ಅಂಗೈ ಮಗುಚಿದರೆ ಮುಂಗೈಯ ಎರಡು ಮೂಳೆಗಳು ಹೇಗೆ ಒಂದರ ಮೇಲೊಂದು ಹಾಯುತ್ತವೆ ಎಂದು ತೋರಿಸುವಾಗ, ತಾವೂ ಅದೇ ಕ್ಷಣ ಕಂಡುಹಿಡಿದವರಂತೆ ಮೇಷ್ಟ್ರು ಕುಣಿದಾಡುತ್ತಿದ್ದರು. ಮುಂದೆ ಬಂದ ತಂಡಗಳೆಲ್ಲ ಪುಣ್ಯ ಮಾಡಿದ್ದವು.

ಆದರೆ ಹಿಂದೆ ಹೋದ ಆ ನಲವತ್ತೊಂದು ಜನ? “ನನ್ನ ತಪ್ಪು ಅವರ ಕೈಯಲ್ಲಿ ಊರೆಲ್ಲ ಓಡಾಡ್ತಿದೆ” ಎಂದು ಮೇಷ್ಟ್ರು ಹೆಸರುಗಳ ಪಟ್ಟಿ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಕಾಗದ ಬರೆದರು, ರಜೆಯಲ್ಲಿ ಬಸ್ಸು ಹತ್ತಿದರು, ಅಪರಿಚಿತ ಮನೆಗಳ ಬಾಗಿಲು ತಟ್ಟಿ “ಸ್ವಲ್ಪ ಕಾಲು ತೋರಿಸ್ತೀರಾ” ಎಂದು ಕೇಳಿ ಬೈಸಿಕೊಂಡರು. ಒಬ್ಬೊಬ್ಬರು ಸಿಕ್ಕಂತೆ ಒಂದೊಂದು ಹೆಸರಿಗೆ ಕೆಂಪು ಗೆರೆ ಬಿತ್ತು. ನಲವತ್ತು ಗೆರೆ ಬೀಳಲು ಹನ್ನೆರಡು ವರ್ಷ ಹಿಡಿಯಿತು. ಮೊದಲ ತಂಡದಲ್ಲಿ ಕಾಲಿನ ಚಿತ್ರಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ಪಡೆದಿದ್ದ, ಹಿಂದಿನ ಬೆಂಚಿನ ಒಬ್ಬ ಮೌನಿ ಮಾತ್ರ ಸಿಗಲಿಲ್ಲ. ಮುಂದಿನ ಇಪ್ಪತ್ತು ವರ್ಷ ಆ ಪಟ್ಟಿ ಅಂಗಿಯಿಂದ ಅಂಗಿಗೆ ಹೋಯಿತು. “ಅತಿ ಚೆನ್ನಾಗಿ ಕಲಿತವನು ತಪ್ಪನ್ನೂ ಅಷ್ಟೇ ಚೆನ್ನಾಗಿ ಕಲಿತಿರ್ತಾನೆ” ಎಂದು ಅವರು ಕೊರಗುವುದನ್ನು ನಾವೆಲ್ಲ ಕೇಳಿದ್ದೇವೆ.

ಈ ಗ್ರಂಥಕ್ಕಾಗಿ ನಾವು ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದ ಕೋರಿಕೆ ಯಾರ ಕೈಯಿಂದಲೋ ಆ ನಲವತ್ತೊಂದನೆಯವರಿಗೆ ತಲುಪಿತು. ಕಳೆದ ವಾರ ಅವರೇ ತರಗತಿಗೆ ಬಂದರು. ಬಟ್ಟೆಯಂಗಡಿಗಳ ಗಾಜಿನ ಹಿಂದೆ ನಿಲ್ಲುವ ಗೊಂಬೆಗಳನ್ನು ಮಾಡುವುದು ಅವರ ಕಸುಬು. ಕಂಕುಳಲ್ಲಿ ಒಂದು ಗೊಂಬೆಯ ಕಾಲೂ ಇತ್ತು. ಮೇಷ್ಟ್ರು ಕ್ಷೇಮಸಮಾಚಾರ ಕೇಳುವ ಮೊದಲೇ ಅದರ ಗಂಟು ತಡವಿದರು. ಹೊರಗಂಟು ಕೆಳಗೆ, ಒಳಗಂಟು ಮೇಲೆ.

“ಯಾವಾಗ ತಿದ್ದಿಕೊಂಡಿರಿ?”

“ನೀವು ಪಾಠ ಮಾಡಿದ ವಾರವೇ ಗೊತ್ತಾಗಿತ್ತು ಸಾರ್. ಮನೇಲಿ ತಂಗಿ ಕಾಲು ನೋಡಿ ಬರೀತಿದ್ದೆ.”

“ನನಗ್ಯಾಕೆ ಹೇಳ್ಲಿಲ್ಲ?”

“ನಿಮ್ಮ ಕೈಲಿ ಕೆಂಪು ಪೆನ್ಸಿಲ್ ಇತ್ತಲ್ಲ ಸಾರ್. ಪರೀಕ್ಷೆಗೆ ನಿಮ್ಮ ಕಾಲು ಬರೆದೆ, ಹೊಟ್ಟೆಪಾಡಿಗೆ ತಂಗಿ ಕಾಲು ಬರೆದೆ.”

ಮೂವತ್ತೆರಡು ವರ್ಷ ಮೇಷ್ಟ್ರು ಹುಡುಕಿದ್ದು ಗಂಟಿನ ತಪ್ಪನ್ನು. ಅದಕ್ಕಿಂತ ದೊಡ್ಡ ತಪ್ಪು ಈ ಮನುಷ್ಯನ ಬಾಯಿ ಕಟ್ಟಿತ್ತು. ಕೊನೆಯ ಹೆಸರಿಗೆ ಗೆರೆ ಎಳೆಯಲೆಂದು ತೆಗೆದ ಕೆಂಪು ಪೆನ್ಸಿಲನ್ನು ಅವರ ಕೈಗಿಟ್ಟು, ಅಂದು ಬೆಳಿಗ್ಗೆ ತಾವು ಬರೆದಿದ್ದ ಚಿತ್ರವನ್ನು ಮುಂದಿಟ್ಟರು. “ಈಗ ಹೇಳಿ. ಏನಿದ್ರೂ ಹೇಳಿ.”

ಗೊಂಬೆಯವರು ಕನ್ನಡಕ ಏರಿಸಿ ನೋಡಿದರು, ಹಿಂದೆಮುಂದೆ ನೋಡಿದರು, ಕೊನೆಗೆ ಒಂದು ಕಡೆ ಗುರುತು ಹಾಕಿದರು. “ಮೊಣಕೈ ಒಂಚೂರು ಮೇಲಾಯ್ತು ಸಾರ್. ಸೊಂಟದ ಹತ್ರ ಬರಬೇಕು.”

ಮೇಷ್ಟ್ರು ಎದ್ದು ನಿಂತು, ತೋಳು ಇಳಿಬಿಟ್ಟು, ತಮ್ಮ ಮೊಣಕೈಯನ್ನೇ ಮುಟ್ಟಿ ನೋಡಿಕೊಂಡರು. ಇಡೀ ತರಗತಿ ಎದ್ದು ತನ್ನ ತನ್ನ ಮೊಣಕೈ ಮುಟ್ಟಿಕೊಂಡಿತು. ಗೊಂಬೆಯವರ ಮಾತು ಸರಿಯಿತ್ತು.

ಗುರುಗಳಿಗೆ ದೀರ್ಘಾಯುಸ್ಸನ್ನು ಕೋರುತ್ತೇವೆ. ಮುಟ್ಟಿ ನೋಡುವ ಕೈಗೆ ನಡುಕ ಬಾರದಿರಲಿ, ನಿವೃತ್ತಿಯ ಬೆಳಗುಗಳಲ್ಲೂ ಹಾಳೆ ಖಾಲಿಯಿರದಿರಲಿ. ಆ ಕೆಂಪು ಪೆನ್ಸಿಲನ್ನು ಅವರು ವಾಪಸು ಕೇಳಲಿಲ್ಲ. ನಲವತ್ತೊಂದನೆಯ ಹೆಸರಿಗೆ ಇನ್ನೂ ಗೆರೆ ಬಿದ್ದಿಲ್ಲ.