ಏರಿ ಸುತ್ತುವ ದೀಪಗಳು

ನೀರಗಂಟಿ ಮುನಿರಾಮಯ್ಯನ ಮಗಳು ಆದಿಲಕ್ಷ್ಮಮ್ಮ ಬೆಂಗಳೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಗೆ ಸೇರಿದ್ದು ೧೯೭೪ರಲ್ಲಿ. ತನ್ನೂರು ಅರಿಶಿನಕುಂಟೆಯಿಂದ ದಿನಾ ಬಸ್ಸು. ಆ ಯಂತ್ರ ಏನು ಮಾಡುತ್ತದೆ ಅಂತ ಊರವರು ಕೇಳಿದರೆ ಹೇಳಲು ಶುರು ಮಾಡುತ್ತಿದ್ದಳು, ನಿಲ್ಲಿಸುತ್ತಿರಲಿಲ್ಲ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ ಬಿಡಿ.

ಮನೆಯಲ್ಲಿ ಮಾತ್ರ ಆಗ ದೊಡ್ಡ ಸಂಕಟ. ಆ ವರ್ಷ ಮಳೆ ಚೆನ್ನಾಗಿ ಹುಯ್ದು, ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿ ಕೆಲಸವೇ ಅಪ್ಪನಿಗೆ ಬಿದ್ದಿರಲಿಲ್ಲ. ಊರಿನ ಹಿರಿಯ ಗೌಡ ದೊಡ್ಡಬೀರಪ್ಪ, ದೊಣ್ಣೆ ಹಿಡಿದು ಕೆರೆ ಏರಿ ಮೇಲೆ ಗಾಳಿ ತಿಂದುಕೊಂಡು ತಿರುಗುವವನಿಗೆ ಸುಗ್ಗಿಯಲ್ಲಿ ಕೂಲಿಯೆಂದು ರಾಗಿ ಯಾಕೆ ಅಳೆಯಬೇಕು ಅಂತ ತಕರಾರು ತೆಗೆದಿದ್ದ. ಭಾನುವಾರ ತೀರ್ಮಾನ. ತಾತನ ಕಾಲದಿಂದ ಬಂದ ಕೆಲಸ. ಅದು ಹೋದರೆ ಅಪ್ಪ ನೆಲ ಹಿಡಿಯುತ್ತಾನೆ ಅಂತ ಮಗಳಿಗೆ ಗೊತ್ತಿತ್ತು. ಭಯದಲ್ಲಿ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ತೀರ್ಮಾನದ ಹಿಂದಿನ ದಿನ ಶನಿವಾರ ಕಾರ್ಖಾನೆಯಲ್ಲಿ ಎಡವಟ್ಟು ಮಾಡಿಕೊಂಡಳು. ಒಂದು ಲೆಕ್ಕ ಮುಗಿದ ಕೂಡಲೇ ಮುಂದಿನದರ ತೂತು ಕೊರೆದ ಕಾರ್ಡುಗಳನ್ನು ಯಂತ್ರಕ್ಕೆ ತುಂಬಬೇಕು. ಆದರೆ ಯಂತ್ರದ ಎದುರಿನ ಫಲಕದಲ್ಲಿ ದೀಪಗಳು ಮಿಣಮಿಣ ಓಡಾಡುತ್ತಲೇ ಇದ್ದವು. ಅಪ್ಪ ತೂಬಿಗೆ ಇಳಿದಿದ್ದಾಗ ಯಾರೂ ಕೂಗಬಾರದು ಅನ್ನುವ ಕಟ್ಟುಪಾಡಿನ ಮನೆಯಲ್ಲಿ ಬೆಳೆದವಳು ಇವಳು. ಲೆಕ್ಕ ಇನ್ನೂ ನಡೆದಿದೆ, ಕೆಲಸದಲ್ಲಿರುವವರನ್ನು ಮಧ್ಯೆ ತಡವಬಾರದೆಂದು ಕಾರ್ಡಿನ ಕಟ್ಟು ಅಪ್ಪಿಕೊಂಡು ಒಂದು ಗಂಟೆ ನಿಂತೇ ಇದ್ದಳು!

ಮೇಲ್ವಿಚಾರಕ ಕೊಂಡಪ್ಪನವರು ಬಂದು ನೋಡಿ ಹಣೆ ಚಚ್ಚಿಕೊಂಡರು. "ಅದಕ್ಕೆ ಕೆಲಸ ಇಲ್ಲ ಕಣಮ್ಮ. ಸುಮ್ನೆ ಐತೆ."

ಸುಮ್ಮನಿದ್ದರೆ ದೀಪ ಯಾಕೆ ಓಡುತ್ತವೆ ಅಂತ ಇವಳು ಬಿಡದೆ ಕೇಳಿದಳು. ಅವರು ಬೈಗುಳ ಮುಗಿಸಿ ಬಿಡಿಸಿ ಹೇಳಿದರು. ಒಳಗೆ ಲೆಕ್ಕ ಮಾಡುವ ಪ್ರೊಸೆಸರ್‌ಗೆ ಕೆಲಸ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ಸಣ್ಣದೊಂದು ಸುತ್ತು ಹಾಕುತ್ತಲೇ ಇರುತ್ತದೆ: ಕೆಲಸ ಬಂತಾ, ಇಲ್ಲ, ಬಂತಾ, ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ. ಕರೆ ಬಂದರೆ ಸುತ್ತನ್ನು ಅಲ್ಲೇ ಬಿಟ್ಟು ಓಡುತ್ತದೆ. ಕೆಲಸ ಮುಗಿಸಿ ಮತ್ತೆ ಸುತ್ತಿಗೇ ಬರುತ್ತದೆ.

ಆದಿಲಕ್ಷ್ಮಮ್ಮನ ಮೈ ಜುಂ ಅಂದಿತು. ಬೈಸಿಕೊಂಡದ್ದೇ ಮರೆತುಹೋಯಿತು. "ಇದು ನಮ್ಮಪ್ಪ ಸಾರ್," ಅಂದಳು.

ಭಾನುವಾರ ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಊರು ಸೇರಿತು. ಮುನಿರಾಮಯ್ಯನ ಪತ್ತೆಯೇ ಇಲ್ಲ. ಎಲ್ಲೋ ಮರದಡಿ ಗೊರಕೆ ಹೊಡೀತಿರಬೇಕು ಅಂತ ದೊಡ್ಡಬೀರಪ್ಪ ನಗಿಸಿದ. ಆದಿಲಕ್ಷ್ಮಮ್ಮ ಗಂಡಸರ ನಡುವೆ ನುಗ್ಗಿ ನಿಂತು, ಉಸಿರು ಬಿಡದೆ, ದೀಪಗಳ ಕಥೆಯನ್ನೆಲ್ಲ ಹೇಳಿಬಿಟ್ಟಳು.

"ಕೆಲ್ಸ ಇಲ್ದಾಗ ಆರಿಸಿಬಿಟ್ರಾಯ್ತಲ್ಲ?" ದೊಡ್ಡಬೀರಪ್ಪ ಕೇಳಿದ.

"ಆರಿಸಿದ್ರೆ ಎಬ್ಸೋಕೆ ಹೊತ್ತಾಗ್ತದೆ ತಾತ. ಕೆಲ್ಸ ಬಂದಾಗ ಎದ್ದಿರ್ಬೇಕಲ್ಲ. ಬೇಕಾದ್ರೆ ಈಗ್ಲೇ ನಮ್ಮಪ್ಪನ್ನ ಕೂಗಿ ನೋಡಿ."

ಅಂದದ್ದೇನೋ ಅಂದುಬಿಟ್ಟಳು, ಆಮೇಲೆ ಕೆರೆಯ ಕಡೆ ತಿರುಗಿ ನೋಡಿದಳು. ಅಪ್ಪ ನಿಜಕ್ಕೂ ಒಂದು ಗಳಿಗೆ ಒರಗಿದ್ದರೆ?

ದೊಡ್ಡಬೀರಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕೆರೆಯ ಕಡೆ ಕೂಗು ಹಾಕಿದ. ಕೂಗು ಮುಗಿಯುವ ಮೊದಲೇ ಏರಿ ಮೇಲಿಂದ "ಬಂದೇ" ಅಂತ ಉತ್ತರ ಬಂತು. ಹಿಂದೆಯೇ ಮುನಿರಾಮಯ್ಯ ಏದುಸಿರು ಬಿಡುತ್ತಾ ಓಡಿ ಬಂದ. ಯಾವ ಗದ್ದೆಗೆ ನೀರು ಬೇಕು ಅಂತ ಕೇಳಿದ.

"ಏನ್ ಮಾಡ್ತಿದ್ದೆ ಅಲ್ಲಿ?"

"ಏನಿಲ್ಲ ಗೌಡ್ರೆ. ಕೆಲ್ಸ ಎಲ್ಲೈತೆ? ಸುಮ್ನೆ ಓಡಾಡ್ತಿದ್ದೆ."

ಅವನ ಎರಡು ಕೈಗೂ ಮೊಣಕೈವರೆಗೆ ಹಸಿ ಜೇಡಿಮಣ್ಣು ಮೆತ್ತಿತ್ತು. ಅದೇನು ಅಂತ ದೊಡ್ಡಬೀರಪ್ಪ ಕಣ್ಣಲ್ಲೇ ಕೇಳಿದ. ಏಡಿ ಬಿಲ, ಏರಿಯಲ್ಲಿ ನೀರು ಜಿನುಗುತ್ತಿತ್ತು, ಬಿಟ್ಟರೆ ಏರಿಯೇ ಒಡೆಯುತ್ತೆ, ಮುಚ್ಚುತ್ತಿದ್ದೆ ಅಂತ ಮುನಿರಾಮಯ್ಯ ಹೇಳಿದ. ಏರಿಯ ಕೆಳಗೇ ಗದ್ದೆ ಇದ್ದವರೆಲ್ಲ ತಲೆ ತಗ್ಗಿಸಿದರು. ದೊಡ್ಡಬೀರಪ್ಪನ ಗದ್ದೆ ಎಲ್ಲಕ್ಕಿಂತ ಮುಂದಿತ್ತು.

ಸುಗ್ಗಿಗೆ ಎಂದಿನಂತೆ ರಾಗಿ ಒಯ್ಯಲು ಕಣಕ್ಕೆ ಬಾ ಅಂತ ಹೇಳಿ, ಅವನು ಕಟ್ಟೆಯ ಮೇಲೆ ಸರಿದು ಜಾಗ ಬಿಟ್ಟ.

ಆದಿಲಕ್ಷ್ಮಮ್ಮ ನಗುತ್ತಾ ಅಳುತ್ತಾ ಅಪ್ಪನ ಕೈ ಹಿಡಿದು ಕೂರಿಸಲು ಹೋದಳು. ಮುನಿರಾಮಯ್ಯ ಬಿಡಿಸಿಕೊಂಡ.

"ಕರೆದ ಕೆಲ್ಸ ಆಯ್ತಲ್ಲ ಗೌಡ್ರೆ, ಬರ್ತೀನಿ," ಅಂದು ಏರಿಯ ಕಡೆ ಹೊರಟೇಬಿಟ್ಟ.